ಬಾಯಿ ತೆರೆದ ಮೀನಿನ ಫೋಟೋ

ದ್ವೀಪಕ್ಕೆ ಬಂದ ಮೊದಲ ದಿನ ಇಡೀ ಮಧ್ಯಾಹ್ನ ನಾನು ಹಾಸಿಗೆಯ ಮೇಲೆ ಕೂತು ಬಾಯಲ್ಲಿ ಉಸಿರಾಡುವುದನ್ನು ಕಲಿತೆ. ಕಣ್ಣನ್ನೂ ಮೂಗನ್ನೂ ಒಟ್ಟಿಗೆ ಮುಚ್ಚುವ ಗಾಜಿನ ಮಾಸ್ಕು, ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಕೊಳವೆ. ನಮ್ಮ ಯಜಮಾನರು ಎದುರಿಗೆ ಕುರ್ಚಿ ಎಳೆದುಕೊಂಡು ಡಾಕ್ಟರ ಹಾಗೆ ಉಸಿರು ಎಳೆಯಿಸಿ ಬಿಡಿಸುತ್ತಿದ್ದರು. ಕೊಳವೆ ಬಾಯಲ್ಲಿದ್ದರೆ ಮಾತಾಡಲು ಬರುವುದಿಲ್ಲ. ಅದು ಗೊತ್ತಾಗುತ್ತಲೇ ಅವರು, ಇದನ್ನು ಮದುವೆಯ ದಿನವೇ ಕೊಡಿಸಬೇಕಿತ್ತು ಎಂದರು. ನಾನು ಕೊಳವೆ ತೆಗೆದು, ಬೈಯುವಷ್ಟು ಬೈದು, ಮತ್ತೆ ಕಚ್ಚಿಕೊಂಡೆ.

ಮೊಣಕಾಲಿನ ಮೇಲೆ ನೀರು ಬಂದರೆ ನನ್ನ ಜೀವ ಬಾಯಿಗೆ ಬರುತ್ತದೆ. ಚಿಕ್ಕಂದಿನಿಂದಲೂ ಹಾಗೆಯೇ. ಬೇರೆ ಯಾರೇ ಕರೆದಿದ್ದರೂ ನಾನು ಸಮುದ್ರಕ್ಕೆ ಇಳಿಯುತ್ತಿರಲಿಲ್ಲ. ಇವರು ಕರೆದರು, ಇಳಿದೆ. ಅಷ್ಟೇ ವಿಷಯ.

ನಮ್ಮದು ಫೋಟೋ ಸ್ಟುಡಿಯೋ. ಅವರು ತೆಗೆಯುತ್ತಾರೆ, ಉಳಿದದ್ದೆಲ್ಲ ನನ್ನದು. ಕಣ್ಣು ಮುಚ್ಚಿದವರನ್ನು ಬೇರೆ ಮಾಡುವುದು, ಮುಖದ ಮೊಡವೆ ಒರೆಸುವುದು, ಪಾಸ್‌ಪೋರ್ಟ್ ಸೈಜಿಗೆ ಕತ್ತರಿಸುವುದು, ಆಲ್ಬಮ್ಮಿಗೆ ಕೂರಿಸುವುದು. ಅವರು ತೆಗೆದ ಯಾವ ಫೋಟೋವನ್ನೂ ನನಗಿಂತ ಮೊದಲು ಇನ್ನೊಬ್ಬರು ನೋಡಿದ್ದಿಲ್ಲ. ಗುಂಡಿ ಒತ್ತುವ ಮೊದಲು ಅವರು ಚೌಕಟ್ಟಿನ ನಾಲ್ಕು ಮೂಲೆಯನ್ನೂ ನೋಡುತ್ತಾರೆ. ಮದುಮಗಳ ಹಿಂದೆ ಯಾರದೋ ಮೊಣಕೈ ಇಣುಕಿದರೆ, ಪರದೆಯ ಕೆಳಗೆ ಚಪ್ಪಲಿಯ ತುದಿ ಕಂಡರೆ, ಕಣ್ಣೆತ್ತದೆಯೇ "ಆ ಕಡೆಯವರು ಸ್ವಲ್ಪ ಸರೀರಿ" ಎನ್ನುತ್ತಾರೆ. ಊರಿನ ಬೇರೆ ಫೋಟೋಗ್ರಾಫರುಗಳು ಇದಕ್ಕೆ ಅವರನ್ನು ಮೂಲೆಯಣ್ಣ ಎಂದು ಕರೆಯುತ್ತಾರೆ. ಅವರಿಗೆ ಆ ಹೆಸರು ಕೇಳಿದರೆ ಖುಷಿಯೇ.

ನಮ್ಮ ಅಂಗಡಿಗೆ ಇನ್ನೊಂದು ಕಟ್ಟಳೆಯುಂಟು. ತೆಗೆದ ಚಿತ್ರ ಎಷ್ಟೇ ಕೆಟ್ಟಿರಲಿ, ಅಳಿಸಬಾರದು. ಒಮ್ಮೆ ಒಬ್ಬ ಹೆಂಗಸು ಅಳುತ್ತಾ ಬಂದು, ತನ್ನ ತಂದೆಯ ಒಂದು ಫೋಟೋವೂ ಮನೆಯಲ್ಲಿಲ್ಲ, ಹಳೆಯ ಯಾವುದೋ ಮದುವೆಗೆ ಬಂದಿದ್ದರು, ನೋಡಿ ಎಂದಳು. ನಾವು ಬೇಡವೆಂದು ಬದಿಗಿಟ್ಟ ಒಂದು ಚಿತ್ರದಲ್ಲಿ, ಊಟದ ಮೇಜಿನ ಹಿಂದೆ, ಆ ಮುದುಕ ಲೋಟ ಹಿಡಿದು ನಗುತ್ತಿದ್ದ. ಅಂದಿನಿಂದ ಅಳಿಸುವ ಮಾತೇ ಇಲ್ಲ.

ನಮ್ಮ ಮದುವೆಯ ಬೆಳ್ಳಿ ವರ್ಷಕ್ಕೆ ಎಂದು ಮಗಳು ಈ ಪ್ರವಾಸ ಗೊತ್ತು ಮಾಡಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಅಪ್ಪನ ಮಗಳು. ಇವರು ಕ್ಯಾಮೆರಾಕ್ಕೆ ನೀರು ಹೋಗದ ಗಟ್ಟಿ ಡಬ್ಬಿಯೊಂದನ್ನು ತರಿಸಿಕೊಂಡು, ಹೊರಡುವ ದಿನದವರೆಗೂ ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿ ಮುಳುಗಿಸಿ ನೋಡಿದರು. ಜೀವಮಾನವಿಡೀ ಹೆದರಿದ ಮುಖಗಳನ್ನೇ ತೆಗೆದದ್ದಾಯಿತು, ಮೀನಿಗಾದರೆ ನಗು ಎನ್ನಬೇಕಾಗಿಲ್ಲ ಎನ್ನುತ್ತಿದ್ದರು.

ದ್ವೀಪಕ್ಕೆ ಬಂದ ಮರುದಿನ ಬೆಳಿಗ್ಗೆ ದೋಣಿಯಲ್ಲಿ ಕರೆದುಕೊಂಡು ಹೋದರು. ನಮ್ಮ ಜೊತೆ ಇನ್ನೊಂದು ಜೋಡಿ. ಹೆಂಡತಿ ಶಾಲೆಯ ಟೀಚರು, ಗಂಡ ಯಾವುದೋ ಬ್ಯಾಂಕಿನಿಂದ ನಿವೃತ್ತನಾದವನು, ಮಾತು ಕಡಿಮೆ. ದೋಣಿಯವನು ನಮ್ಮ ವಯಸ್ಸಿನವನೇ, ಗಂಟುಮುಖದವನು. ಹವಳದ ದಿಬ್ಬದ ಹತ್ತಿರ ಎಂಜಿನ್ ನಿಲ್ಲಿಸಿ ಒಂದೇ ಒಂದು ನಿಯಮ ಹೇಳಿದ. ನೀರಿಗೆ ಇಬ್ಬಿಬ್ಬರಾಗಿ ಇಳಿಯಬೇಕು. ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರಬೇಕು. ಏನಾದರೂ ಆದರೆ ಕೈಯಿಂದ ನೀರನ್ನು ಬಡಿಯಬೇಕು. ಜೊತೆಗಿದ್ದವರು ಏನು ಮಾಡುತ್ತಿದ್ದರೂ ಬಿಟ್ಟು ಬರಬೇಕು.

"ಏನು ಮಾಡ್ತಿದ್ರೂ ಅಂದ್ರೆ ಏನು ಮಾಡ್ತಿದ್ರೂ," ಎಂದು ಮತ್ತೊಮ್ಮೆ ಹೇಳಿ, ಇವರ ಕ್ಯಾಮೆರಾ ನೋಡಿದ.

ನಾನು ದೋಣಿಯ ಅಂಚು ಹಿಡಿದುಕೊಂಡು ಕೂತೇ ಇದ್ದೆ. ಕಾಲಿಗೆ ಕಪ್ಪೆಯ ಪಾದದಂಥ ಉದ್ದನೆಯ ರಬ್ಬರ್ ಫಿನ್ನು, ಮೈಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು. ಇವರು ನೀರಿನಲ್ಲಿ ನಿಂತು ಕೈ ಚಾಚಿದರು.

"ಬಾರೇ. ನಾನಿದ್ದೀನಲ್ಲ. ನಾನು ಕೈ ಬಿಡ್ತೀನಾ?"

ಇಳಿದೆ. ಮುಖ ಒಳಗಿಟ್ಟೆ.

ನೀರಿನ ಕೆಳಗೆ ಅಂಥ ಒಂದು ಊರಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಳದಿ ಮೀನುಗಳು ಶಾಲೆ ಬಿಟ್ಟ ಮಕ್ಕಳ ಹಾಗೆ ಗುಂಪುಗುಂಪಾಗಿ ಎದುರಿಗೆ ಬಂದು, ನನ್ನನ್ನು ಕಂಡು, ಎರಡಾಗಿ ಸೀಳಿ, ಹಿಂದೆ ಮತ್ತೆ ಒಂದಾದವು. ಹಸಿರು ಗಿಣಿಮೀನು ಹವಳವನ್ನು ಕಟಕಟ ಕಚ್ಚುವ ಸದ್ದು ನೀರಿನೊಳಗೇ ಕೇಳಿಸಿತು. ತಟ್ಟೆಯಂತೆ ಚಪ್ಪಟೆಯಾದ, ಕಪ್ಪುಬಿಳಿ ಪಟ್ಟೆಯ ಮೀನೊಂದು ಮದುವೆಮನೆಯ ಹಿರಿಯತ್ತೆಯ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋಯಿತು. ನಾನು ಕೊಳವೆಯೊಳಗೇ ನಕ್ಕು ಉಪ್ಪುನೀರು ಕುಡಿದೆ. ಇವರ ಎಡಗೈ ನನ್ನ ಬಲಗೈ ಹಿಡಿದಿತ್ತು. ಅವರು ಬಲಗೈಯೊಂದರಲ್ಲೇ ಫೋಟೋ ತೆಗೆದರು.

ಒಂದು ಕೈಯಲ್ಲಿ ತೆಗೆದ ಫೋಟೋಗಳು ಹೇಗಿರುತ್ತವೆ? ಎಲ್ಲ ಬಾಲಗಳೇ. ಆ ಸಂಜೆ ನಾನು ವರಾಂಡದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆರಿಸುವಾಗ, ಅಂಗಡಿಯ ಬೋರ್ಡಿಗೆ ಬಾಲಗಳ ಸ್ಟುಡಿಯೋ ಎಂದು ಬರೆಸೋಣ ಎಂದೆ. ಅವರು ನಗಲಿಲ್ಲ. ಒಂದೇ ಕೈಯಲ್ಲಿ ಹಿಡಿದರೆ ಕ್ಯಾಮೆರಾ ಅಲ್ಲಾಡುತ್ತದೆ ಎಂದರು. ನನಗೆ ಆಗ ಅದು ಬರೀ ಕೆಲಸದ ಮಾತಾಗಿ ಕೇಳಿಸಿತು.

ಮರುದಿನ ಒಂದು ದೊಡ್ಡ ಮೀನನ್ನು ಮೊದಲು ಕಂಡವಳು ನಾನು. ಎರಡು ಬಂಡೆಗಳ ನಡುವೆ, ಅಷ್ಟೇನೂ ಆಳವಲ್ಲ, ಚುಕ್ಕೆಚುಕ್ಕೆಯ ದಪ್ಪ ಮೀನೊಂದು ಅಲ್ಲಾಡದೆ ನಿಂತು ಬಾಯಿ ತೆರೆದಿತ್ತು. ಬಾಯಿ ಅಂದರೆ ನನ್ನ ಮುಷ್ಟಿ ಹೋಗುವಷ್ಟು. ಬೆರಳುದ್ದದ ನೀಲಿ ಮೀನೊಂದು ಆ ಬಾಯೊಳಗೆ ಹೋಗಿ, ಹಲ್ಲಿನ ಸಂದಿ ಕೆದಕಿ, ಕಿವಿರಿನ ಕಡೆಯಿಂದ ಹೊರಗೆ ಬಂತು. ಮತ್ತೆ ಹೋಯಿತು. ನಾನು ಇವರ ಕೈಯನ್ನು ಎಷ್ಟು ಜೋರಾಗಿ ಹಿಸುಕಿದೆನೆಂದರೆ ಅವರ ಉಂಗುರ ನನಗೇ ಒತ್ತಿತು. ಅವರು ಕ್ಯಾಮೆರಾ ತಿರುಗಿಸುವಷ್ಟರಲ್ಲಿ ದೊಡ್ಡ ಮೀನು ಬಾಯಿ ಮುಚ್ಚಿ ಬಂಡೆಯೊಳಗೆ ಜಾರಿತು.

ದೋಣಿಯವನನ್ನು ಕೇಳಿದರೆ, ಅದೇ ಅವುಗಳ ಕ್ಷೌರದಂಗಡಿ, ದೊಡ್ಡ ಮೀನುಗಳು ಬಂದು ಸರದಿ ನಿಲ್ಲುತ್ತವೆ, ಚಿಕ್ಕದು ಕೊಳೆ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಅಷ್ಟು ಹೊತ್ತು ದೊಡ್ಡದು ಕಚ್ಚುವುದಿಲ್ಲ ಎಂದ. ಟೀಚರಮ್ಮ ಅಬ್ಬಾ ಎಂದರು. ಅಂದಿನಿಂದ ಇವರಿಗೆ ಬೇರೆ ಮೀನು ಕಾಣದೇ ಹೋಯಿತು. ದಿನವೂ ಅದೇ ಬಂಡೆ. ದಿನವೂ ಕಾಯುವುದು. ಊಟದ ಹೊತ್ತಿಗೂ ಅದೇ ಮಾತು. ಬೆಳಕು ಯಾವ ಕಡೆಯಿಂದ ಬೀಳಬೇಕು, ನೀಲಿ ಮೀನು ಎಲ್ಲಿರಬೇಕು. ಮದುವೆಯಾದ ಹೊಸದರಲ್ಲಿ ನನ್ನ ವಿಷಯವಾಗಿ ಕೂಡ ಅವರು ಅಷ್ಟು ಯೋಚಿಸಿದ್ದಿಲ್ಲ ಎಂದು ನಾನು ಟೀಚರಮ್ಮನ ಹತ್ತಿರ ಹೇಳಿ ನಗಿಸಿದೆ.

ಆ ಮೀನು ಮತ್ತೆ ಸಿಕ್ಕ ದಿನ ಗಾಳಿ ಇತ್ತು. ದೋಣಿಯವನು, ನೀರು ಹೊರಗಡೆಗೆ ಎಳೆಯುತ್ತಿದೆ, ದಿಬ್ಬ ಮುರಿದಿರುವ ಕಡೆ ಹೋಗಬೇಡಿ, ಅಲ್ಲಿಂದಾಚೆ ಕಡಲು ಎಂದು ಎಚ್ಚರಿಸಿದ. ನಾವು ಬಂಡೆಯ ಹತ್ತಿರ ತಲುಪಿದಾಗ ಮೀನು ಅಲ್ಲೇ ಇತ್ತು. ಬಾಯಿ ತೆರೆದು, ದಂತವೈದ್ಯರ ಕುರ್ಚಿಯಲ್ಲಿ ಕೂತವರ ಹಾಗೆ. ಇವರು ನನ್ನ ಕೈ ಬಿಟ್ಟರು. ಕೆಳಗೆ ಮುಳುಗಲು ಎರಡೂ ಕೈ ಬೇಕು, ಅದು ನನಗೆ ಅರ್ಥವಾಯಿತು. ನಾನು ಜಾಕೆಟ್ಟಿನವಳು, ಮುಳುಗಲಾರೆ. ಮೇಲೆ ತೇಲುತ್ತಾ ಅವರ ಬೆನ್ನು ನೋಡುತ್ತಿದ್ದೆ.

ಮೊದಲು ಗೊತ್ತಾಗಲಿಲ್ಲ. ಬಂಡೆ ನನ್ನ ಕೆಳಗೆ ಇದ್ದದ್ದು ಪಕ್ಕಕ್ಕೆ ಹೋಯಿತು. ತಿರುಗಿ ಕಾಲು ಬಡಿದೆ. ಒಂದು ಫಿನ್ನು ಕಳಚಿ ಹೋಯಿತು. ಒಂದೇ ರೆಕ್ಕೆಯ ಹಕ್ಕಿಯ ಹಾಗೆ ನಾನು ನಿಂತಲ್ಲೇ ಗಿರಕಿ ಹೊಡೆದೆ. ಕೊಳವೆಗೆ ನೀರು ನುಗ್ಗಿತು. ಅದನ್ನು ಉಗಿದು ಕೂಗಿದೆ, ಅಂಗೈಯಿಂದ ನೀರು ಬಡಿದೆ, ಮತ್ತೆ ಕೂಗಿದೆ. ಮುಖ ಒಳಗೆ ಹಾಕಿ ಅವರ ಕಡೆಗೆ ಕೈ ಚಾಚಿದೆ, ಐದೂ ಬೆರಳು ಅಗಲಿಸಿ. ಅವರ ಮಾಸ್ಕಿನ ಗಾಜು ನನ್ನ ಕಡೆ ತಿರುಗಿದಂತೆ ಕಂಡಿತು. ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ನೀರು ನನ್ನನ್ನು ದಿಬ್ಬ ಮುರಿದ ಕಡೆಗೆ ಕಸದಂತೆ ಒಯ್ಯಿತು, ಕೆಳಗೆ ನೆಲ ಕಾಣದ ಹಾಗಾಯಿತು, ಬರೀ ಕಡುನೀಲಿ.

ದೋಣಿಯವನು ಕಿತ್ತಳೆ ಜಾಕೆಟ್ಟು ಕಂಡು ಎಂಜಿನ್ ಹಾಕಿಕೊಂಡು ಬಂದ. ಕತ್ತಿನ ಪಟ್ಟಿ ಹಿಡಿದು ಬೆಕ್ಕಿನ ಮರಿಯಂತೆ ಮೇಲೆತ್ತಿದ. ನಾನು ದೋಣಿಯ ತಳದಲ್ಲಿ ಬಿದ್ದು ವಾಂತಿ ಮಾಡಿಕೊಂಡೆ. ಟೀಚರಮ್ಮ ಬೆನ್ನು ಸವರಿದರು. ಬಂಡೆಯ ಹತ್ತಿರ ಬಂದಾಗ ಇವರು ತಲೆ ಮೇಲೆತ್ತಿ, ಸಿಕ್ಕಿತು, ಸಿಕ್ಕಿತು ಎಂದು ಕ್ಯಾಮೆರಾ ಎತ್ತಿ ತೋರಿಸುತ್ತಿದ್ದರು. ನನ್ನನ್ನು ನೋಡಿ ಅವರ ಮುಖ ಇಳಿಯಿತು.

ದೋಣಿಯವನು ಬಾಯಿಗೆ ಬಂದದ್ದನ್ನು ಅಂದ. ಜೊತೆಗಾರನಿಗೆ ಕಣ್ಣಿಲ್ಲವೇ, ಮೀನು ಹೆಂಡತಿಯೋ ಇವಳು ಹೆಂಡತಿಯೋ ಎಂದ. ಇವರು ತಲೆ ತಗ್ಗಿಸಿ, ಕೆಳಗಿದ್ದೆ, ಕಾಣಲಿಲ್ಲ, ಕೇಳಲಿಲ್ಲ ಎಂದರು. ನನಗೆ ಎಲ್ಲಿತ್ತೋ ಶಕ್ತಿ, ಎದ್ದು ಕೂತು ದೋಣಿಯವನ ಮೇಲೆ ಹರಿಹಾಯ್ದೆ. ಕಾಣಲಿಲ್ಲ ಎಂದ ಮೇಲೆ ಮುಗಿಯಿತು, ನನ್ನ ಗಂಡನಿಗೆ ಅನ್ನಲು ನೀನ್ಯಾರು ಎಂದು ಕೇಳಿದೆ. ಜೀವ ಉಳಿಸಿದವನಿಗೆ ನಾನು ಕೊಟ್ಟ ಉಡುಗೊರೆ ಅದು. ಅವನು ನನ್ನನ್ನೊಮ್ಮೆ ನೋಡಿ, ಎಂಜಿನ್ನಿನ ಕಡೆ ತಿರುಗಿದ.

ಸಂಜೆ ಊಟದ ಹಾಲ್‌ನಲ್ಲಿ ಇವರು ಆ ಫೋಟೋವನ್ನು ಎಲ್ಲರಿಗೂ ತೋರಿಸಿದರು. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಅವರು ತೆಗೆದ ಫೋಟೋಗಳಲ್ಲೇ ಅದಕ್ಕೆ ಸಾಟಿ ಇಲ್ಲ. ತೆರೆದ ಬಾಯಿ, ಒಳಗಿನ ಕೆಂಪು, ತುಟಿಯ ಅಂಚಿನಲ್ಲಿ ನೀಲಿ ಮೀನು, ಸುತ್ತ ಶುದ್ಧ ನೀರು. ಒಂದು ಕಸ ಇಲ್ಲ, ಒಂದು ನೆರಳಿಲ್ಲ. ಮಗಳಿಗೆ ಕಳಿಸಿದರು. ಅವಳು ದೊಡ್ಡದು ಮಾಡಿಸಿ ಮನೆಯ ಹಾಲ್‌ನ ಗೋಡೆಗೆ ಹಾಕಿಸುತ್ತೇನೆ ಎಂದಳು. ನಾನೂ ಹೆಮ್ಮೆಪಟ್ಟೆ. ಆದರೆ ಎಂದಿನಂತೆ, ಕೊಡಿ, ಉಳಿದವನ್ನು ಆರಿಸುತ್ತೇನೆ ಎಂದಾಗ, ನಿನಗೆ ಸುಸ್ತಾಗಿದೆ, ಮಲಗು, ನಾನೇ ನೋಡಿಕೊಳ್ಳುತ್ತೇನೆ ಎಂದರು. ಅದನ್ನು ಪ್ರೀತಿ ಎಂದುಕೊಂಡೆ.

ಮರುದಿನ ಗಾಳಿ ಇನ್ನೂ ಜೋರಾಗಿ ದೋಣಿ ಹೋಗಲಿಲ್ಲ. ಮಧ್ಯಾಹ್ನ ಇವರು ಸ್ನಾನಕ್ಕೆ ಹೋದಾಗ ನನಗೆ ಕೈ ಖಾಲಿ. ಕೈ ಖಾಲಿ ಇದ್ದರೆ ನಾನು ಕೆಲಸ ಹುಡುಕುವವಳು. ಲ್ಯಾಪ್‌ಟಾಪ್ ತೆರೆದೆ. ಬೇಡದ್ದನ್ನು ಬೇರೆ ಮಾಡಿಟ್ಟರೆ ಅವರಿಗೂ ಹಗುರ ಎಂದುಕೊಂಡೆ.

ಮೊದಲನೆಯದರಲ್ಲಿ ಮೀನು ನಡುವೆ ಇದೆ. ಎಡಗಡೆ ಮೇಲ್ಮೂಲೆಯಲ್ಲಿ ಒಂದು ಬರಿಗಾಲು. ಗೆಜ್ಜೆಯ ಗುರುತು ಉಳಿದಿರುವ ನನ್ನ ಬರಿಗಾಲು.

ಎರಡನೆಯದರಲ್ಲಿ ಕೈ. ಐದು ಬೆರಳೂ ಅಗಲಿಸಿದ ಕೈ, ಹಿಂದೆ ಕಿತ್ತಳೆ ಜಾಕೆಟ್ಟು, ಮಾಸ್ಕಿನೊಳಗೆ ದೊಡ್ಡದಾದ ನನ್ನ ಕಣ್ಣು. ಎಷ್ಟು ಸ್ಪಷ್ಟವೆಂದರೆ ಬೆರಳಿನ ಉಂಗುರ ಕಾಣುತ್ತದೆ.

ಮೂರನೆಯದರಲ್ಲಿ ನಾನಿಲ್ಲ. ಮೀನು ಅದೇ, ಬಾಯಿ ಅಷ್ಟೇ ತೆರೆದಿದೆ. ಆದರೆ ಬಲಗಡೆಯ ಬಂಡೆ ಇನ್ನಷ್ಟು ಒಳಗೆ ಬಂದಿದೆ. ನೀರು ನನ್ನನ್ನು ಚೌಕಟ್ಟಿನಿಂದ ಹೊರಗೆ ಒಯ್ದದ್ದಲ್ಲ. ಕ್ಯಾಮೆರಾ ತಿರುಗಿದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದವಳಿಗೆ ಇದು ಗೊತ್ತಾಗದೇ? ಮದುಮಗಳ ಹಿಂದಿನ ಮೊಣಕೈಯನ್ನು ಸರಿಸಿದ ಹಾಗೆ ಅವರು ನನ್ನನ್ನು ಸರಿಸಿದ್ದರು. ಮೊಣಕೈಗಾದರೂ ಬಾಯಿಬಿಟ್ಟು ಸರೀರಿ ಎನ್ನುತ್ತಿದ್ದರು.

ನಾಲ್ಕನೆಯದರಲ್ಲಿ ಮತ್ತೆ ನನ್ನ ಬೆರಳ ತುದಿ. ನಾನು ಕಾಲು ಬಡಿದು ಅವರ ಕಡೆಗೆ ಬಂದದ್ದಿರಬೇಕು. ಮುಂದಿನದರಲ್ಲಿ ಅದೂ ಇಲ್ಲ. ಅದಾದ ಮೇಲಿನ ಚಿತ್ರಗಳು ಬೇರೆ ಕೋನದಲ್ಲಿದ್ದವು, ಇನ್ನೂ ಹತ್ತಿರದಿಂದ. ಅಂದರೆ ನಡುವೆ ಅವರು ಉಸಿರಿಗೆ ಮೇಲೆ ಬಂದಿದ್ದಾರೆ. ಮೇಲೆ ನಾನು ಕೂಗುತ್ತಿದ್ದೆ, ನೀರು ಬಡಿಯುತ್ತಿದ್ದೆ. ಉಸಿರು ತುಂಬಿಕೊಂಡು ಮತ್ತೆ ಕೆಳಗೆ ಹೋಗಿದ್ದಾರೆ.

ಎಲ್ಲರಿಗೂ ತೋರಿಸಿದ ಚೆಂದದ ಫೋಟೋ ಆ ಮೂರನೆಯದು. ಉಳಿದವನ್ನು ಒಂದು ಬೆರಳಲ್ಲಿ ಅಳಿಸಬಹುದಿತ್ತು. ಬೇರೆ ಯಾವ ಗಂಡಸಾದರೂ ಅಳಿಸುತ್ತಿದ್ದ. ಇವರಿಂದ ಅಂಗಡಿಯ ಕಟ್ಟಳೆ ಮುರಿಯಲು ಆಗಲಿಲ್ಲ. ನನಗೆ ಕೊಟ್ಟ ಮಾತು ಮುರಿಯಲು ಆಯಿತು.

ಇವರು ತಲೆ ಒರೆಸಿಕೊಳ್ಳುತ್ತಾ ಬಂದರು. ನಾನು ಲ್ಯಾಪ್‌ಟಾಪನ್ನು ಅವರ ಕಡೆಗೆ ತಿರುಗಿಸಿದೆ. ಟವೆಲ್ಲು ತಲೆಯ ಮೇಲೆಯೇ ನಿಂತಿತು.

"ಕಾಣಲಿಲ್ಲ ಅಂದ್ರಲ್ಲ," ಎಂದೆ.

ಅವರು ಮೊದಲು, ಕ್ಯಾಮೆರಾಕ್ಕೆ ಕಾಣುವುದೆಲ್ಲ ಕಣ್ಣಿಗೆ ಕಾಣುತ್ತದೆಯೇ ಎಂದರು. ನಾನು ಮೂರನೆಯ ಚಿತ್ರದ ಬಂಡೆಯನ್ನು ತೋರಿಸಿದೆ. ಬಂಡೆಯ ಅಂಚಿಗೇ ಬೆರಳಿಟ್ಟೆ. ಅವರು ಹಾಸಿಗೆಯ ತುದಿಯಲ್ಲಿ ಕೂತರು. ಆಮೇಲೆ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

"ನೀನು ಜಾಕೆಟ್ ಹಾಕಿದ್ದೆ. ಮುಳುಗಲ್ಲ ಅಂತ ಗೊತ್ತಿತ್ತು. ದೋಣಿ ಅಲ್ಲೇ ಇತ್ತು. ಒಂದೆರಡು ನಿಮಿಷದ ಮಾತು. ಆ ಮೀನು ಮತ್ತೆ ಬಾಯಿ ತೆರೀತಿತ್ತಾ?"

ನಾನು ಚಿತ್ರದ ಮೇಲಿನ ಬೆರಳನ್ನು ಹಿಂದಕ್ಕೆ ತೆಗೆದೆ. ಅದು ಅವರಿಗೆ ಧೈರ್ಯ ಕೊಟ್ಟಿರಬೇಕು.

"ನೀನೂ ಹಾಗೇ ಅಲ್ವಾ. ಜಿರಳೆಗೂ ಕೂಗ್ತೀಯ, ಹಾಲು ಉಕ್ಕಿದ್ರೂ ಕೂಗ್ತೀಯ. ಯಾವುದು ನಿಜವಾದ ಕೂಗು ಅಂತ ನಾನು ಹೇಗೆ ತಿಳ್ಕೊಳ್ಳಲಿ?"

ಆಗ ನಾನು ಕೂಗಿದೆ. ಜಿರಳೆಗೆ ಕೂಗಿದ ಹಾಗಲ್ಲ. ಪಕ್ಕದ ರೂಮಿನ ಬ್ಯಾಂಕಿನವರು ವರಾಂಡಕ್ಕೆ ಬಂದು, ಏನೂ ಗೊತ್ತಾಗದೆ, ಒಣಗಿದ ಟವೆಲ್ ತೆಗೆದುಕೊಳ್ಳುವವರಂತೆ ಮಾಡಿ ಒಳಗೆ ಹೋದರು. ಬಂದ ಬೈಗುಳವೆಲ್ಲ ಬೈದೆ. ನಂಬಿಸಿ ನಡುನೀರಿನಲ್ಲಿ ಕೈಬಿಡುವುದು ಎಂದು ಗಾದೆಯಲ್ಲಿ ಕೇಳಿದ್ದೆ, ನೀವು ಮಾಡಿಯೇ ತೋರಿಸಿದಿರಿ ಎಂದೆ. ಅವರು ತಪ್ಪಾಯಿತು ಎಂದರು. ಎರಡು ಸಲ ಅಂದರು. ಎಡಗೈಯಿಂದ ಟವೆಲ್ಲಿನ ದಾರ ಎಳೆಯುತ್ತಾ ಅಂದರು. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ನನಗೆ ಸಿಟ್ಟು ಇಳಿಯುವ ಲಕ್ಷಣವಿತ್ತು. ನನ್ನ ಸಿಟ್ಟು ಹಾಲಿನ ಉಕ್ಕು, ಅವರಿಗೂ ಗೊತ್ತು. ಒಪ್ಪಿಕೊಂಡರಲ್ಲ, ಮನುಷ್ಯನಿಗೆ ಒಂದು ಹುಚ್ಚು ಹತ್ತಿದಾಗ ಹೀಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುವುದಕ್ಕೆ ಶುರು ಮಾಡಿದ್ದೆ.

ಆಗಲೇ ಮಗಳ ಫೋನು ಬಂತು. ಫೋಟೋಕ್ಕೆ ಯಾವ ಬಣ್ಣದ ಫ್ರೇಮು ಹಾಕಿಸಲಿ ಎಂದು ಕೇಳಲು. ನನ್ನ ಧ್ವನಿ ಕೇಳಿ, ಏನಾಯಿತಮ್ಮಾ ಎಂದಳು. ನಾನು ಮುಚ್ಚಿಡುವವಳಲ್ಲ. ಇದ್ದದ್ದನ್ನು ಹೇಳಿದೆ. ನೀರು ಎಳೆದದ್ದು, ಕೂಗಿದ್ದು, ದೋಣಿಯವನು ಎತ್ತಿದ್ದು, ನಿನ್ನ ಅಪ್ಪ ನೋಡಿಯೂ ಬರಲಿಲ್ಲ ಎಂಬುದು. ಮೊದಲು ನನ್ನ ಉಸಿರು ಹೇಗಿದೆ, ಕೆಮ್ಮಿದೆಯೇ ಎಂದು ನರ್ಸಿನ ಹಾಗೆ ವಿಚಾರಿಸಿದಳು. ಆಮೇಲೆ ಮೆತ್ತಗೆ ಅಂದಳು.

"ಅಪ್ಪ ನೋಡಿರಲ್ಲ ಬಿಡಮ್ಮ. ನೋಡಿದ್ರೆ ಬರ್ತಿರಲಿಲ್ವಾ?"

ನಾನು ಫೋನನ್ನು ಸ್ಪೀಕರಿಗೆ ಹಾಕಿ ಹಾಸಿಗೆಯ ಮೇಲೆ, ಅವರ ಪಕ್ಕದಲ್ಲಿ ಇಟ್ಟೆ. ನೀವೇ ಹೇಳಿ ಎಂದೆ. ಅವರು ಹೇಳಬೇಕಾದದ್ದು ಬರೀ ಒಂದು ಮಾತು. ಈಗಷ್ಟೇ ನನ್ನೆದುರಿಗೆ ಒಪ್ಪಿಕೊಂಡ ಮಾತು. ಮಗಳೆದುರು ಅಪ್ಪನಾಗಿ ಸ್ವಲ್ಪ ಸಣ್ಣವರಾಗುತ್ತಿದ್ದರು, ನಿಜ. ನನ್ನ ಪಾಲಿಗೆ ಮಾತ್ರ ಮತ್ತೆ ಗಂಡನಾಗುತ್ತಿದ್ದರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಅವರು ಫೋನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋನನ್ನು ನೋಡಿದರು.

"ಕಾಣಿಸಲೇ ಇಲ್ಲ ಮಗಳೇ. ಅಮ್ಮ ಹೆದರಿದ್ದಾಳೆ, ಅದಕ್ಕೇ ಹೀಗೆಲ್ಲ ಅಂತಾಳೆ."

"ಗೊತ್ತಪ್ಪ," ಎಂದಳು ಮಗಳು. "ನೀವು ಸ್ವಲ್ಪ ನೋಡ್ಕೊಳ್ಳಿ ಅವಳನ್ನ."

ಫ್ರೇಮು ಕಪ್ಪೋ ಮರದ ಬಣ್ಣವೋ ಎಂದು ಅವರಿಬ್ಬರೂ ಮಾತಾಡಿದರು. ಮರದ್ದೇ ಚೆನ್ನ ಎಂದರು ಇವರು. ನಾನು ನಡುವೆ ಬಾಯಿ ಹಾಕಲಿಲ್ಲ. ಲ್ಯಾಪ್‌ಟಾಪಿನಲ್ಲಿ ಆ ಎರಡನೆಯ ಚಿತ್ರ ಇತ್ತು, ಒಂದು ಗುಂಡಿ ಒತ್ತಿದರೆ ಮಗಳಿಗೆ ಹೋಗುತ್ತಿತ್ತು. ಒತ್ತಲಿಲ್ಲ. ನನ್ನ ಮಾತನ್ನು ನಂಬಿಸಲು ನನ್ನ ಹೆತ್ತ ಮಗಳಿಗೇ ಸಾಕ್ಷಿ ತೋರಿಸಬೇಕಾದರೆ, ಅಂಥ ನಂಬಿಕೆ ನನಗೆ ಬೇಡ ಎನಿಸಿತು. ತೋರಿಸುವುದಿದ್ದರೆ ಅದು ಅವರ ಕೆಲಸ. ತೆಗೆದವರು ಅವರು.

ಫೋನು ಇಟ್ಟ ಮೇಲೆ ಅವರು ಉಸಿರು ಬಿಟ್ಟು, ಊರಿಗೆ ಹೋದ ಮೇಲೆ ನಿಧಾನವಾಗಿ ಹೇಳೋಣ, ಈಗ ಅವಳಿಗೆ ಯಾಕೆ ಬೇಜಾರು ಎಂದರು. ಹೊರಗೆ ಗಾಳಿ ಕಡಿಮೆಯಾಗುತ್ತಿದೆ, ನಾಳೆ ದೋಣಿ ಹೋಗಬಹುದು ಎಂದೂ ಅಂದರು. ನಾನು ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ಒದ್ದೆ ಇದ್ದದ್ದನ್ನು ಬೇರೆ ಕವರಿಗೆ ಹಾಕಿದೆ. ಅವರ ಬಿಪಿ ಮಾತ್ರೆ ನನ್ನ ಚೀಲದಲ್ಲಿತ್ತು, ತೆಗೆದು ನೀರಿನ ಬಾಟಲಿಯ ಪಕ್ಕದಲ್ಲಿ ಇಟ್ಟೆ. ಎಲ್ಲಿಗೆ ಎಂದು ಕೇಳಿದರು. ಎದ್ದು ಬಾಗಿಲಿಗೆ ಅಡ್ಡ ಮಾತ್ರ ಬರಲಿಲ್ಲ.

ಕೌಂಟರಿನಲ್ಲಿ ಕೂತಿದ್ದ ಮ್ಯಾನೇಜರು ಒಳ್ಳೆಯ ಮನುಷ್ಯ. ನನಗೆ ಬೇರೆ ರೂಮು ಬೇಕು ಎಂದಾಗ ಗಾಬರಿಯಾಗಿ ಎದ್ದು ನಿಂತ.

"ಯಾಕಮ್ಮಾ, ಫ್ಯಾನು ತಿರುಗ್ತಿಲ್ವಾ? ನಲ್ಲಿ ಸೋರ್ತಿದ್ಯಾ? ಈಗಲೇ ಜನ ಕಳಿಸ್ತೀನಿ."

"ರೂಮಿಗೆ ಏನೂ ಆಗಿಲ್ಲಪ್ಪ," ಎಂದೆ. "ರೂಮು ಚೆನ್ನಾಗಿದೆ."

ಅವನು ನನ್ನ ಚೀಲವನ್ನೂ ನನ್ನ ಮುಖವನ್ನೂ ನೋಡಿದ. ಇಬ್ಬರಿಗಾ ಎಂದು ಕೇಳಿದ.

ಒಬ್ಬಳಿಗೆ ಎಂದೆ.